ಗಿರಿಜಾದೇವಿಯವರ ಕೊಕ್ಕೆ

ನಮ್ಮ ಆಸ್ಪತ್ರೆಯಲ್ಲಿ ಗಿರಿಜಾದೇವಿಯವರಿಗೆ ಹೆದರದವರಿಲ್ಲ. ನಾನು ಅಲ್ಲಿ ಸ್ಕ್ಯಾನ್ ಯಂತ್ರ ನಡೆಸುವವನು, ಹನ್ನೊಂದು ವರ್ಷದಿಂದ ಅವರ ಬೈಗುಳ ತಿಂದವನು. ಹೆದರಬೇಕಾದವರೊಬ್ಬರು ಮಾತ್ರ ಹೆದರಲಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಹಾವೇರಿ ಕಡೆಯ ಬಟ್ಟೆ ವ್ಯಾಪಾರಿಯ ಮಗಳು. ಕೆಮಿಸ್ಟ್ರಿ ಓದಿ, ಮದುವೆಯಾಗಿ ಇಟ್ಟಮಡುವಿಗೆ ಬಂದು ಮೂವತ್ತು ವರ್ಷ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಡಬ್ಬಿಗೆ ಚಪಾತಿ ಪಲ್ಯ ಹಾಕಿಕೊಂಡು, ದಾರಿಯಲ್ಲಿ ಕಂಡಕ್ಟರ್ ಜೊತೆ ಒಂದು ಸುತ್ತು ಜಗಳವಾಡಿ ಜಯನಗರಕ್ಕೆ ಬರುವವರು. ಮೈಯೊಳಗಿನ ಕ್ಯಾನ್ಸರ್ ಗೆಡ್ಡೆ ಸ್ಕ್ಯಾನಿನಲ್ಲಿ ಬೆಳಗುವಂತೆ ಮಾಡುವ ವಿಕಿರಣದ ಔಷಧಿ ರೂಪಿಸುವುದು ಅವರ ಕೆಲಸ.

ಆರು ವರ್ಷ ಒಂದೇ ಔಷಧಿಯ ಹಿಂದೆ ಬಿದ್ದಿದ್ದರು. ಗೆಡ್ಡೆಯನ್ನು ಹುಡುಕಿಕೊಂಡು ಹೋಗುವ ಪ್ರೋಟೀನು ಬಲು ನಿಧಾನಿ, ಅದಕ್ಕೆ ಮೂರು ದಿನ ಬೇಕು. ವಿಕಿರಣಕ್ಕೆ ಆ ತಾಳ್ಮೆಯಿಲ್ಲ, ಎರಡು ಗಂಟೆಯೊಳಗೆ ಅರ್ಧ ಸತ್ತಿರುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಕಳಿಸುವುದು. ಮೊದಲು ಪ್ರೋಟೀನು ಹೋಗಿ ಗೆಡ್ಡೆಗೆ ಅಂಟಿ ಕೂರುತ್ತದೆ, ಅದರ ಬೆನ್ನಿಗೊಂದು ಕೊಕ್ಕೆ. ಮೂರು ದಿನ ಬಿಟ್ಟು ವಿಕಿರಣದ ಪುಟ್ಟ ಅಣು ಹೋಗಿ ಆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಇಲಿಗಳಲ್ಲಿ ಮೊದಲೆರಡು ವರ್ಷ ಅದು ಗೆಡ್ಡೆ ಬಿಟ್ಟು ಕಿಡ್ನಿಯಲ್ಲೇ ಠಿಕಾಣಿ ಹೂಡುತ್ತಿತ್ತು. "ಈ ಬಾಡಿಗೆದಾರ ಮನೆ ಖಾಲಿ ಮಾಡ್ತಿಲ್ಲ ಕಣೋ" ಎಂದು ಶಪಿಸುತ್ತಾ ಇಪ್ಪತ್ಮೂರು ಸಲ ಆ ಅಣುವನ್ನು ಬದಲಿಸಿದರು.

ಕಡೆಗೆ ಮನುಷ್ಯರಿಗೆ ಕೊಟ್ಟು ನೋಡಲು ಅನುಮತಿ ಬಂತು. ಮೊದಲನೆಯವರು ಗೌರಮ್ಮ, ಮಡಿವಾಳದಲ್ಲಿ ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದ ಮನೆತನದ ಹೆಂಗಸು. ಕರುಳಿನಲ್ಲಿ ಗೆಡ್ಡೆ. ಲಿವರ್ ಪಕ್ಕದ ಚುಕ್ಕೆ ಕ್ಯಾನ್ಸರೋ ಹಳೆಯ ಕಲೆಯೋ ಮಾಮೂಲಿ ಸ್ಕ್ಯಾನಿನಲ್ಲಿ ತಿಳಿಯಲಿಲ್ಲ. ಸೋಮವಾರ ಆಪರೇಷನ್, ಅಷ್ಟರೊಳಗೆ ತಿಳಿಯಬೇಕು. ಕೊಕ್ಕೆಯ ಪ್ರೋಟೀನು ಒಬ್ಬರಿಗೆ ಒಂದೇ ಸಲ ಕೊಡಬಹುದು, ವಿಕಿರಣದ ಔಷಧಿ ಬರುವುದು ವಾರಕ್ಕೊಮ್ಮೆ. ಮಂಗಳವಾರ ಪ್ರೋಟೀನು ಕೊಟ್ಟಾಯಿತು.

ಶುಕ್ರವಾರ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿಕೊಂಡು ಆ ಔಷಧಿಯ ಸೀಸದ ಡಬ್ಬಿ ಬಂತು. ಪರೀಕ್ಷೆ ಮುಗಿದಾಗ ಹತ್ತೂ ನಲವತ್ತು. ವಿಕಿರಣದ ಬಲ ಎಂಟು ಮಿಲಿಕ್ಯೂರಿ ಇತ್ತು, ಐದಕ್ಕಿಂತ ಕೆಳಗಿಳಿದರೆ ಕೊಡುವಂತಿಲ್ಲ. ಪಕ್ಕದ ಕೋಣೆಯಲ್ಲಿ ಗೌರಮ್ಮ ಬರಿಹೊಟ್ಟೆಯಲ್ಲಿ ಕೂತಿದ್ದರು. ಆಗ ಬಂದು ನಿಜವಾದ ಕೊಕ್ಕೆ ಹಾಕಿದವರು ನಮ್ಮ ನಿರ್ದೇಶಕ ಶಶಿಕಾಂತ್.

"ಮೇಡಂ, ಈಗ ರಾಹುಕಾಲ. ಹನ್ನೆರಡಾಗ್ಲಿ, ಚೇರ್ಮನ್ ಬಂದು ಕಾಯಿ ಒಡೀತಾರೆ, ಆಮೇಲೆ ಶುರು ಮಾಡೋಣ."

"ಸಾರ್, ಇದು ಕಾಯೋ ಔಷಧಿ ಅಲ್ಲ. ಇಟ್ಟಲ್ಲೇ ಸಾಯ್ತಾ ಇರುತ್ತೆ. ನಮ್ಮಪ್ಪ ರಾಹುಕಾಲದಲ್ಲೇ ಅಂಗಡಿ ಬಾಗಿಲು ತೆಗೀತಿದ್ರು, ಏನೂ ಆಗ್ಲಿಲ್ಲ."

"ಅದು ಬಟ್ಟೆ ಅಂಗಡಿ ಮೇಡಂ. ಇದು ಫಸ್ಟ್ ಪೇಷೆಂಟು. ಹೆಚ್ಚುಕಮ್ಮಿ ಆದ್ರೆ? ಆ ಗೌರಮ್ಮನೂ ರಾಹುಕಾಲ ಎಲ್ಲ ನೋಡೋರೇ ಇರ್ತಾರೆ. ನನ್ನ ಸಹಿ ಇಲ್ದೆ ಸಿರಿಂಜ್ ಆಚೆ ಬರಬಾರ್ದು."

ವಿಜ್ಞಾನದಲ್ಲಿ ಎರಡೆರಡು ಡಿಗ್ರಿ ಗೋಡೆಗೆ ತೂಗುಹಾಕಿದ ಮನುಷ್ಯ! ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗಿರಿಜಾದೇವಿ ಮೂರು ಸಲ ಅವರ ಕೋಣೆಗೆ ಹೋದರು, ಮೂರು ಸಲವೂ ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದರು.

ಚೇರ್ಮನ್ ಬಂದಾಗ ಹನ್ನೆರಡೂ ಇಪ್ಪತ್ತೈದು. ನನ್ನ ಯಂತ್ರದ ಮುಂದೆ ಕಾಯಿ ಒಡೆದರು, ಫೋಟೊ ಹೊಡೆಸಿಕೊಂಡರು, ಪೇಡ ಹಂಚಿದರು. ನಾನೂ ತಿಂದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಗಿರಿಜಾದೇವಿ ಅಳೆದು ನೋಡಿದರು. ನಾಲ್ಕು ಮಿಲಿಕ್ಯೂರಿಯೂ ಉಳಿದಿರಲಿಲ್ಲ.

"ಸ್ವಲ್ಪ ಕಮ್ಮಿ ತಾನೆ, ಅಡ್ಜಸ್ಟ್ ಮಾಡಿ" ಎಂದರು ಶಶಿಕಾಂತ್.

"ಕಮ್ಮಿ ಕೊಟ್ಟು ಕಾಣಿಸ್ದೇ ಇದ್ರೆ ಕ್ಯಾನ್ಸರ್ ಇಲ್ಲ ಅಂತ ಬರೀತೀರಿ. ಇದ್ದಿದ್ದನ್ನ ಇಲ್ಲ ಅನ್ನೋದಕ್ಕೆ ಆರು ವರ್ಷ ಸತ್ತಿಲ್ಲ ನಾನು" ಎಂದು ಗಿರಿಜಾದೇವಿ ಸಿರಿಂಜನ್ನು ಸೀಸದ ಡಬ್ಬಿಯೊಳಗೆ ಹಾಕಿ ಮುಚ್ಚಿದರು.

ಪಕ್ಕದ ಕೋಣೆಗೆ ಅವರ ಹಿಂದೆ ನಾನೂ ಹೋದೆ. ಗೌರಮ್ಮನ ಕೈಯ ಸೂಜಿಯನ್ನು ತಾವೇ ಬಿಚ್ಚಿ ಹತ್ತಿ ಒತ್ತಿ ಹಿಡಿದರು.

"ಮತ್ತೆ ಯಾವತ್ತು ಬರ್ಲಿ ತಾಯಿ?"

"ಇನ್ನು ಇದಕ್ಕೆ ಬರೋದು ಬೇಡಮ್ಮ."

ಗೌರಮ್ಮನ ಮುಖ ಅರಳಿತು. "ಹಂಗಂದ್ರೆ ಆ ಚುಕ್ಕೆ ಏನೂ ಅಲ್ವಂತಾ?"

ಗಿರಿಜಾದೇವಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಗೊತ್ತಾಗ್ಲಿಲ್ಲಮ್ಮ. ಆಪರೇಷನ್ ಒಳಗೆ ಇನ್ನು ಗೊತ್ತಾಗೋದೂ ಇಲ್ಲ. ರಾಹುಕಾಲ ಕಳೀಲಿ ಅಂತ ಕಾದ್ವಿ, ಔಷಧಿ ಕೆಟ್ಟೋಯ್ತು."

ಗೌರಮ್ಮ ಗಿರಿಜಾದೇವಿಯವರನ್ನೂ ನನ್ನನ್ನೂ ನೋಡಿದರು.

"ಹೊತ್ತಾರೆಯಿಂದ ಈ ಗೋಡೆ ಪಕ್ಕದಲ್ಲೇ ಕೂತಿದ್ನಲ್ಲವ್ವಾ. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"