ಅಣ್ಣನ ಹೆಸರು

ಮುಂಬೈಯ ಪರೇಲ್‌ನ ಹೋಟೆಲಿನಲ್ಲಿ ನನಗೆ ದೋಸೆ ಹುಯ್ಯಲು ಕಲಿಸಿದ್ದು ಅಡುಗೆಯ ಅಣ್ಣ. ಎಂಟು ವರ್ಷ ಜೊತೆಗೆ ದುಡಿದು, ವಡಾಲದಲ್ಲಿ ನಾವೇ ಸಣ್ಣ ಹೋಟೆಲು ತೆರೆಯಲು ಹೊರಟೆವು.

ಊರಿನ ಕಡೆಯ ವಕೀಲರು ಕೇಳಿದರು: “ಒಬ್ಬರ ಹೆಸರಲ್ಲೋ, ಪಾರ್ಟ್ನರ್‌ಶಿಪ್ಪೋ?”

“ಇವನೊಬ್ಬನ ಹೆಸರು ಸಾಕು. ನಂಗೆ ಒಲೆ ಉಂಟಲ್ಲ,” ಎಂದರು ಅಣ್ಣ.

“ನಾಳೆ ನಾನು ನಿಮ್ಮನ್ನು ಹೊರಗೆ ಹಾಕಿದ್ರೆ?”

“ಬೇರೆ ಒಲೆ ಸಿಗ್ತದೆ ಮಾರಾಯ.”

ನನಗೆ ಸಿಟ್ಟು ಬಂತು. “ಪಾರ್ಟ್ನರ್‌ಶಿಪ್ಪೇ ಬರೀರಿ ಸರ್,” ಎಂದೆ.

“ಇವರ ಹೆಸರು?”

ನನಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ಅವರು ಬರೀ ಅಣ್ಣ. ನಾಚಿಕೆಯಾಯಿತು.

ಅಣ್ಣ ನಕ್ಕು ಆಧಾರ್ ಕಾರ್ಡನ್ನು ನನ್ನ ಕೈಗಿಟ್ಟರು. “ಓದು. ಪಾರ್ಟ್ನರನ ಹೆಸರಾದ್ರೂ ಗೊತ್ತಿರ್ಲಿ.”

ನಾನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ವಕೀಲರು ನನ್ನ ಹೆಸರಿಗಿಂತ ಮೇಲಿನ ಸಾಲಿನಲ್ಲಿ ಅದನ್ನು ಬರೆದರು.