ಇಟ್ಟಿಗೆಯ ಮಡಿಲು

ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಮದ್ದೂರಿನಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಕೊಪ್ಪದ ಒಂದು ಅಂಗನವಾಡಿಗೆ ಇನ್ನೊಂದು ಕೋಣೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಗೋಡೆ, ಒಂದು ಸೂರು. ಇಂಥದ್ದನ್ನು ಕಣ್ಣು ಮುಚ್ಚಿಕೊಂಡು ಮುಗಿಸುತ್ತೇನೆ ಎಂಬ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಗೋಡೆ ಕಟ್ಟಲು ಬಂದವನು ಹೊಳಲಿನ ಜವರಯ್ಯ ಮೇಸ್ತ್ರಿ, ಅರವತ್ತು ದಾಟಿದವನು. ಅವನ ಸೊಸೆ ಸಾಕಮ್ಮ ಇಟ್ಟಿಗೆ ಎತ್ತಿಕೊಡುತ್ತಿದ್ದಳು. ಕೆಲಸದ ಪದಗಳು ಎಲ್ಲಿಂದ ಬಂದವು ಎಂದು ಕೆದಕುವ ಚಟ ನನಗೆ ಮೊದಲಿನಿಂದಲೂ ಇತ್ತು. 'ಮೇಸ್ತ್ರಿ' ಎನ್ನುವುದು ಪೋರ್ಚುಗೀಸರ ಮಾತು ಕಣಯ್ಯಾ ಎಂದು ಒಂದು ದಿನ ಜವರಯ್ಯನಿಗೆ ಹೇಳಿದೆ.

"ಪೋರ್ಚುಗೀಸ್ರಾ? ಯಾವೂರೋರು ಸಾ ಅವ್ರು? ಗಾರೆ ಕೆಲ್ಸ ಬತ್ತಿತ್ತಾ?" ಎಂದ.

ಇಟ್ಟಿಗೆಯ ಒಂದು ಮುಖದಲ್ಲಿ ತಗ್ಗು ಇರುತ್ತದಲ್ಲ, ಅದಕ್ಕೆ ನಮ್ಮ ಪುಸ್ತಕದಲ್ಲಿ 'ಫ್ರಾಗ್' ಎನ್ನುತ್ತಾರೆ. ಇಟ್ಟಿಗೆಗೆ ಕಪ್ಪೆ ಎಲ್ಲಿಂದ ಬಂತು ಎಂದು ಪಾಲಿಟೆಕ್ನಿಕ್ಕಿನಲ್ಲಿ ಕೇಳಿದ್ದೆ. ಕುದುರೆ ಗೊರಸಿನ ಅಡಿಭಾಗಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು, ಅಲ್ಲಿಂದ ಬಂದಿರಬಹುದು, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದಿದ್ದರು ಮೇಷ್ಟರು. ಜವರಯ್ಯನಿಗೆ ಈ ಗೊಂದಲವೇ ಇರಲಿಲ್ಲ. ಅವನು ಅದನ್ನು 'ಮಡ್ಲು' ಎನ್ನುತ್ತಿದ್ದ.

"ಎಣ್ಣುಮಕ್ಳಿಗೆ ಮಡ್ಲಕ್ಕಿ ಉಯ್ಯಕಿಲ್ವಾ ಸಾ? ಮಡ್ಲು ಮೇಲಕ್ಕಿದ್ರೆ ತಾನೆ ತುಂಬೋದು? ಬೋರ್ಲು ಆಕುದ್ರೆ ಗಾರೆ ಎಲ್ ನಿಂತದೆ?"

ಮೊದಲ ಇಟ್ಟಿಗೆ ಕೂರಿಸುವಾಗ ಅದರ ತಗ್ಗಿಗೆ ಒಂದು ಹಿಡಿ ಅಕ್ಕಿ ಹಾಕಿ, ಕೈಮುಗಿದು, ಆಮೇಲೆ ಗಾರೆ ತುಂಬುವುದು ಅವರ ಮನೆತನದ ಪದ್ಧತಿ. ಕೊಪ್ಪದಲ್ಲಿ ಸಾಕಮ್ಮ ಅಕ್ಕಿ ತಂದಾಗ ಟೈಮಾಯಿತು, ಇದೆಲ್ಲ ಬೇಡ ಎಂದು ಗದರಿದ್ದೆ. ಅವಳು ಸೆರಗಿನ ಅಕ್ಕಿಯನ್ನು ಹಾಗೇ ಗಂಟು ಹಾಕಿಕೊಂಡಳು.

ಹೊಸ ಗೋಡೆ ಹಳೆಯದಕ್ಕೆ ಸೇರುವ ಮೂಲೆಗೆ ಬಂದಾಗ ಜವರಯ್ಯ ಕೆಲಸ ನಿಲ್ಲಿಸಿದ. ಹಳೆ ಗೋಡೆಯಲ್ಲಿ ಒಂದು ವರಸೆ ಬಿಟ್ಟು ಒಂದು ವರಸೆ ಇಟ್ಟಿಗೆ ಕಿತ್ತು, ಹೊಸ ಇಟ್ಟಿಗೆಯ ತುದಿಯನ್ನು ಒಳಗೆ ಕೂರಿಸಬೇಕು. ನಾವು ಟೂತಿಂಗ್ ಎನ್ನುವುದನ್ನೇ ಅವನು ಹಲ್ಲು ಎನ್ನುತ್ತಿದ್ದ. "ಅಲ್ಲು ಕಚ್ಚುಸ್ದೆ ಓದ್ರೆ ನಿಂತ್ಕಳಕಿಲ್ಲ ಸಾ." ಹಳೆ ಗೋಡೆ ಒಡೆದರೆ ಬಣ್ಣ, ಪ್ಲಾಸ್ಟರ್ ಎಲ್ಲಾ ಮತ್ತೆ ನನ್ನ ತಲೆಗೆ. ಅದನ್ನು ಮುಟ್ಟಬೇಡ, ಪಕ್ಕಕ್ಕೆ ಒತ್ತಿ ಕಟ್ಟು ಎಂದೆ. ಅವನು ನನ್ನ ಮುಖ ನೋಡಿದ, ಕಟ್ಟಿದ.

ಸೂರು ಹಾಕಿ, ಎರಡು ಮಳೆ ಕಳೆಯುವಷ್ಟರಲ್ಲಿ ಆ ಮೂಲೆಯಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಬಿರುಕು. ನೋಡಲು ಬಂದ ಮೇಲಧಿಕಾರಿ ಉರಿದುಬಿದ್ದರು. ಇಟ್ಟಿಗೆ ಬೋರಲು ಹಾಕಿದರೆ ಗಾರೆ ಉಳಿತಾಯವಾಗುತ್ತದೆ, ಮೇಸ್ತ್ರಿ ಅದನ್ನೇ ಮಾಡಿದ್ದಾನೆ, ಇನ್ನು ಯಾವ ಸರ್ಕಾರಿ ಕೆಲಸಕ್ಕೂ ಇವನು ಬೇಡ ಎಂದರು. ಹಲ್ಲಿನ ವಿಷಯ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಲ್ಲಿಗೆ ಕರೆಸಿದ್ದ ಜವರಯ್ಯ, ಗಾರೆ ಮೆತ್ತುವ ತನ್ನ ಕರಣೆಯನ್ನು ನನ್ನ ಕಾಲ ಹತ್ತಿರ ಇಟ್ಟ. "ಎಲ್ ಬೇಕಾರೂ ಬಿಚ್ಚಿ ನೋಡಿ ಸಾ. ಒಂದ್ ಮಡ್ಲು ಬೋರ್ಲಾಗಿದ್ರೆ ಈ ಕರಣೆ ಮುಟ್ಟಕಿಲ್ಲ."

ಮೂರು ಕಡೆ ಬಿಚ್ಚಿಸಿದರು. ಎಲ್ಲಾ ಇಟ್ಟಿಗೆಯೂ ಮುಖ ಮೇಲಾಗಿ, ತಗ್ಗಿನ ತುಂಬ ಗಾರೆ ಕಚ್ಚಿಕೊಂಡು ಕೂತಿತ್ತು. ಮೂಲೆಯಲ್ಲಿ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಸಂಬಂಧವೇ ಇರಲಿಲ್ಲ. "ಹಲ್ಲು ಯಾಕೆ ಕಚ್ಚಿಸಲಿಲ್ಲ?" ಎಂದು ಸಾಹೇಬರು ಜವರಯ್ಯನನ್ನು ಕೇಳಿದರು. ಅವನು ತಲೆ ತಗ್ಗಿಸಿ ನಿಂತ. ನನ್ನ ಹೆಸರು ಹೇಳಲಿಲ್ಲ, ಪುಣ್ಯಾತ್ಮ. ಆಗ ನನಗೆ ತಡೆಯಲಾಗಲಿಲ್ಲ. ಬೇಡ ಎಂದದ್ದು ನಾನು ಸಾರ್ ಎಂದೆ. ಸೈಟಿನ ಆರ್ಡರ್ ಪುಸ್ತಕದಲ್ಲಿ ನನ್ನ ಕೈಯಾರೆ ಹಾಗೆಂದು ಬರೆದು ಸಹಿ ಹಾಕಿದೆ. ಮೆಮೋ ಬಂತು, ಬರಲಿ ಬಿಡಿ.

ಮೂಲೆಯನ್ನು ಮತ್ತೆ ಕಟ್ಟಿದ ದಿನ ಸಾಕಮ್ಮ ಸೆರಗಿನಲ್ಲಿ ಮತ್ತೆ ಅಕ್ಕಿ ಕಟ್ಟಿಕೊಂಡು ಬಂದಿದ್ದಳು; ಗಂಟು ಬಿಚ್ಚಿ ನನ್ನ ಕೈಗೆ ಸುರಿದಳು. "ನೀವೇ ಆಕಿ ಸಾ," ಎಂದ ಜವರಯ್ಯ, "ಬೇಡ ಅಂದೋರು ನೀವೇ ಅಲ್ವಾ!" ಎಲ್ಲರೂ ನಕ್ಕರು. ನಾನೂ ನಕ್ಕು, ಅಕ್ಕಿಯನ್ನು ಇಟ್ಟಿಗೆಯ ಮಡಿಲಿಗೆ ಹಾಕಿ ಕೈಮುಗಿದೆ. ಆ ಗೋಡೆಯಲ್ಲಿ ಇವತ್ತಿಗೂ ಕೂದಲೆಳೆಯಷ್ಟು ಬಿರುಕಿಲ್ಲ.

ಜವರಯ್ಯ ತೀರಿಕೊಂಡು ನಾಲ್ಕು ವರ್ಷವಾಯಿತು. ಮೊನ್ನೆ ಗುತ್ತಲಿನ ನಮ್ಮ ಮನೆಗೆ ಕಾಂಪೌಂಡ್ ಕಟ್ಟಿಸುವಾಗ ಅವನ ನೆನಪಿಗೆಂದು ಒಂದು ಹಿಡಿ ಅಕ್ಕಿ ಹಿಡಿದು ಹೊರಗೆ ಬಂದೆ. ಅಲ್ಲಿದ್ದದ್ದು ಸಿಮೆಂಟ್ ಬ್ಲಾಕು. ನಾಲ್ಕೂ ಕಡೆ ಸಪಾಟು. ಅಕ್ಕಿ ಹಾಕಲು ಜಾಗವೇ ಇಲ್ಲ. ಈಗಿನ ಮೇಸ್ತ್ರಿಗೆ ಕಥೆಯನ್ನೆಲ್ಲ ಹೇಳಿದೆ. ಆಯಿತು ಎಂದು ಬ್ಲಾಕು ಎತ್ತಿದವನು, ಕಾಂಪೌಂಡು ಮನೆಯ ಹಳೆ ಗೋಡೆಗೆ ಸೇರುವ ಗೇಟಿನ ಮೂಲೆಯಲ್ಲಿ ತಡೆದು ನಿಂತು, "ಇಲ್ಲಿ ಅಳೆ ಗೋಡೆ ಸ್ವಲ್ಪ ಒಡೀಬೇಕಾಯ್ತದೆ ಸಾ, ಒಡೀಲಾ?" ಎಂದ.

ಮೂವತ್ತು ವರ್ಷದ ನೌಕರಿ ಕಲಿಸಿದ್ದು ಇಷ್ಟೇ: ಕೈಯಲ್ಲಿ ಕರಣೆ ಇರುವವನು ಕೆಲಸ ನಿಲ್ಲಿಸಿ ಮುಖ ನೋಡಿದರೆ, ಮೊದಲು ಅವನ ಮಾತು ಕೇಳಬೇಕು.

"ಒಡಿಯಪ್ಪಾ," ಎಂದೆ, "ಎಷ್ಟು ಬೇಕೋ ಅಷ್ಟು ಒಡಿ."