ಅಪ್ಪ ಕದಿರು ಕೆಳಗಿಟ್ಟ ದಿನಗಳು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಎಂ.ಎಸ್ಸಿ. ಓದುತ್ತಿದ್ದೆ. ಶ್ರೀರಾಂಪುರದ ಆಚೆಗಿನ ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ಗಂಡುಮಕ್ಕಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕುರಿ ಹಿಂದೆ ಹೋಗಬೇಕಾದವಳು ಓದಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಪ್ಪನಿಗೆ ಸರ್ಪಸುತ್ತು ಎದ್ದಿದೆ ಎಂದು ಕಾಗದ ಬಂದಾಗ ಮೊದಲ ಬಸ್ಸಿಗೇ ಹೊರಟೆ. ಬೆನ್ನುಮೂಳೆಯಿಂದ ಬಲಪಕ್ಕೆಯ ಮೇಲೆ ಹಾದು ಹೊಕ್ಕುಳಿನ ಹತ್ತಿರದವರೆಗೆ ನೀರುಗುಳ್ಳೆಗಳ ಪಟ್ಟೆ. ಹಾವು ದಾಟದಿರಲಿ ಎಂದು ಕುಂಬಾರರ ಅಜ್ಜಿ ಅದರ ಸುತ್ತ ಕೆಮ್ಮಣ್ಣಿನ ಗೆರೆ ಎಳೆದು ಹೋಗಿದ್ದಳು. ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಬಂದವರು ಅಪ್ಪನ ಅಂಗಿ ಎತ್ತಿ, ಇನ್ನೆಷ್ಟು ಉಳಿದಿದೆ ಎಂದು ಕಣ್ಣಲ್ಲೇ ಅಳೆದು ಹೋಗುತ್ತಿದ್ದರು. ಅಪ್ಪ ಮಾತ್ರ ಜಗಲಿಯ ಮೇಲೆ ಕೂತು ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಕುರಿ ಹಿಂದೆ ನಡೆಯುವಾಗ, ಸಾವಿನ ಮನೆಯಲ್ಲಿ ಕೂತಾಗಲೂ ಅವನ ಕೈಯಲ್ಲಿ ಕದಿರು ಇರುತ್ತಿತ್ತು.

ತಲೆ ಬಾಲ ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ನರ ಮೈಯ ಒಂದು ಮಗ್ಗುಲಿನದು, ನಡುಗೆರೆಯಲ್ಲಿ ಮುಗಿಯುತ್ತದೆ. ಅಪ್ಪನಿಗೆ ಅಷ್ಟು ಹೇಳಿ ನಿಲ್ಲಿಸಿದ್ದರೆ ಆಗುತ್ತಿತ್ತು.

“ಮತ್ತೆ ಇದು ಎಲ್ಲಿಂದ ಬಂತವ್ವ?” ಎಂದ ಅಪ್ಪ.

ಹೇಳಿದೆ. ಚಿಕ್ಕವನಿದ್ದಾಗ ಅವನಿಗೆ ಅಮ್ಮ ಆಗಿತ್ತಲ್ಲ, ಆ ಸೀತಾಳೆ ಸಿಡುಬಿನ ವೈರಸ್ಸೇ ಇದು. ಬೊಕ್ಕೆ ಒಣಗಿದರೂ ಮೈ ಬಿಡದೆ, ಬೆನ್ನುಮೂಳೆಯ ಪಕ್ಕದ ನರದ ಗಂಟಿನಲ್ಲಿ ಇಷ್ಟು ವರ್ಷ ಮಲಗಿತ್ತು. ಈಗ ಎದ್ದು ನರದ ದಾರಿ ಹಿಡಿದು ಚರ್ಮಕ್ಕೆ ಇಳಿದಿದೆ.

ಆ ವಾರವಷ್ಟೇ ಮೇಷ್ಟ್ರು ಕ್ಲಾಸಿನಲ್ಲಿ ಇದೇ ಕುಲದ ವೈರಸ್ಸಿನ ಚಿತ್ರ ತೋರಿಸಿದ್ದರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಜೀವಕೋಶದ ಕೇಂದ್ರದ ತುಂಬ ಸಣ್ಣ ಸಣ್ಣ ಉಂಗುರಗಳು. ಕೆಲವು ಖಾಲಿ, ಕೆಲವುಗಳ ನಡುವೆ ಕಪ್ಪು ಬೊಟ್ಟು. ಗುಡ್ಡೆಯಿಲ್ಲದ ಕಣ್ಣು, ಗುಡ್ಡೆಯಿರುವ ಕಣ್ಣು, ಎಲ್ಲವೂ ನನ್ನನ್ನೇ ನೋಡುತ್ತಿದ್ದ ಹಾಗೆ. ಅದನ್ನು ಅಪ್ಪನಿಗೆ ತಿಳಿಸುವುದು ಹೇಗೆ? ಅವನ ಕೈಯಲ್ಲಿ ಕದಿರಿತ್ತು. ಮೊದಲು ಖಾಲಿ ಚಿಪ್ಪುಗಳು ತಯಾರಾಗುತ್ತವೆ, ಎಂದೆ. ಅಲ್ಲೇ ವೈರಸ್ಸಿನ ನೂಲು, ಡಿಎನ್‌ಎ ಅನ್ನುವುದು, ನಕಲಿನ ಹಿಂದೆ ನಕಲಾಗಿ, ತುಂಡಾಗದ ಒಂದೇ ಎಳೆಯಾಗಿ ಬೆಳೆಯುತ್ತ ಹೋಗುತ್ತದೆ. ಅದರ ತುದಿ ಚಿಪ್ಪಿನೊಳಗೆ ನುಗ್ಗಿ, ನೀನು ಉಂಡೆ ಸುತ್ತುವ ಹಾಗೆ ಒತ್ತೊತ್ತಾಗಿ ಸುತ್ತಿಕೊಳ್ಳುತ್ತದೆ. ಚಿಪ್ಪು ತುಂಬಿದ ಕೂಡಲೇ ಎಳೆ ಕತ್ತರಿಸಿ, ಮಿಕ್ಕದ್ದು ಮುಂದಿನ ಚಿಪ್ಪಿಗೆ. ಹೀಗೇ ಇರಬೇಕೆಂದು ಆಗಿನ್ನೂ ಊಹಿಸುತ್ತಿದ್ದರು. ನಾನು ಕಣ್ಣಾರೆ ಕಂಡವಳಂತೆ ಹೇಳಿದೆ.

ಕದಿರು ನಿಧಾನವಾಯಿತು.

“ಅಲ್ಲಿ ನೂಲೋರು ಯಾರು?”

“ನಿನ್ನ ಮೈಯೇ ನೂಲ್ತೈತಪ್ಪ. ಅದಕ್ಕೆ ಸ್ವಂತ ಕೈ ಇಲ್ಲ. ನಿನ್ನ ಮೈಯಾಗಿನ ಸಾಮಾನೇ ತಗಂಡು, ನಿನ್ ಕೈಲೇ ಮಾಡಿಸ್ಕಂತೈತೆ.”

ಅಪ್ಪ ಕದಿರನ್ನು ಕೆಳಗಿಟ್ಟ.

ಮೂರು ದಿನ ಮುಟ್ಟಲಿಲ್ಲ. ಮುದ್ದೆಯನ್ನೂ ಸರಿಸಿದ, ಉಂಡದ್ದೆಲ್ಲ ಅದಕ್ಕೇ ಹೋಗುತ್ತದಂತೆ. ಮಟಮಟ ಮಧ್ಯಾಹ್ನ, ಕುರಿಗಳು ಮೇಯಲು ಹೋಗಿ ಹಟ್ಟಿ ಸದ್ದಿಲ್ಲದೆ ಬಿದ್ದಿದ್ದಾಗ, ಪಕ್ಕೆಯ ಮೇಲೆ ಕೈಯಿಟ್ಟು ಏನನ್ನೋ ಆಲಿಸುತ್ತ ಕೂತಿರುತ್ತಿದ್ದ. ನೋಡಿ ನೋಡಿ ನನಗೂ ಕೇಳಿಸತೊಡಗಿತು. ಸಣ್ಣಗೆ, ಒಂದೇ ಸಮ, ಕದಿರು ತಿರುಗುವ ಸದ್ದು. ಕದಿರು ನೆಲದ ಮೇಲೇ ಇತ್ತು.

ಅಪ್ಪನ ಮುಖ ಇಳಿದುಹೋಯಿತು. ಹಾವು ಕೊಲ್ಲದಿದ್ದರೂ ಹೀಗೇ ಉಪವಾಸ ಬಿದ್ದರೆ ಉಳಿಯುತ್ತಾನೆಯೇ ಎಂದು ನನಗೆ ಭಯವಾಯಿತು. ಅವ್ವ ನನ್ನ ಮುಖ ನೋಡದೆ ಅಂದಳು, “ಹಾವಾಗಿದ್ರೆ ಗೆರೆಗಾದ್ರೂ ಹೆದರ್ತಿತ್ತು. ನೀನು ಓದಿ ಬಂದು ಅದನ್ನ ಒಳಗೆ ಬಿಟ್ಟೆ.”

ನಾಲ್ಕನೆಯ ದಿನ ಅಪ್ಪನೇ ಕರೆದ. ಅವನಿಗೆ ಅಮ್ಮ ಆದಾಗ ಮನೆಯವರೆಲ್ಲ ಕುರಿ ಹೊಡೆದುಕೊಂಡು ಧರ್ಮಪುರದ ಕಡೆ ಬಯಲಲ್ಲಿದ್ದರಂತೆ. ಬೊಕ್ಕೆ ಒಣಗಿದ ಮೇಲೆ ಮಡಕೆಯಲ್ಲಿ ಮೊಸರನ್ನ, ಬೇವಿನ ಸೊಪ್ಪು ಇಟ್ಟು ಆ ಅಮ್ಮನನ್ನು ಊರ ಗಡಿ ದಾಟಿಸಬೇಕು. ಬಯಲಲ್ಲಿ ಯಾವ ಊರು, ಯಾವ ಗಡಿ? ಹಾಗೇ ಬಿಟ್ಟಿದ್ದರು.

“ಅವಳನ್ನ ಕಳಿಸ್ಲೇ ಇಲ್ಲ. ನೀನೂ ಅದ್ನೇ ಹೇಳ್ದೆ, ಹೋಗಿಲ್ಲ ಅಂತ. ನೀನೇ ಕಳಿಸಿ ಬಾರವ್ವ.”

ಅವ್ವ ಮಡಕೆ ತುಂಬಿದಳು. ಅಪ್ಪ ತಾನು ಅರ್ಧಕ್ಕೆ ಬಿಟ್ಟಿದ್ದ ನೂಲಿನ ಉಂಡೆಯನ್ನು ಅದರೊಳಗೆ ಒತ್ತಿಟ್ಟ. ಗಡಿಕಲ್ಲಿನ ಹತ್ತಿರ ಇಳಿಸಿ ಬಂದೆ. ಬರುವಾಗ ತಿರುಗಿ ನೋಡಬಾರದು, ನೋಡಲಿಲ್ಲ. ಗುಳ್ಳೆ ಒಣಗಿದ ಮೇಲೆ ಅದು ಎಲ್ಲಿ ಮಲಗಿರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಬೆನ್ನು ತಣ್ಣಗಾಗಿತ್ತು, ಆ ಬಿಸಿಲಲ್ಲಿ.

ಅಪ್ಪ ಬಾಗಿಲಲ್ಲೇ ನಿಂತಿದ್ದ. “ಹೋದ್ಲಾ?”

ನನ್ನ ಮಾತೇ ಅವನಿಗೆ ಪ್ರಮಾಣ. ಇಡೀ ಹಟ್ಟಿಯಲ್ಲಿ ಓದಿದವಳು ನಾನೊಬ್ಬಳೇ.

“ಹೋದ್ಲಪ್ಪ,” ಎಂದೆ.

ಮುದ್ದೆ ಕೇಳಿ ಉಂಡ. ಹೊಸ ಉಣ್ಣೆ ಹಿಡಿದು ಜಗಲಿಗೆ ಹೋದ. ಒಳಗೆ ಗೋಡೆಗೆ ಬೆನ್ನು ಒತ್ತಿ ಕೂತು ಆ ಸದ್ದು ಕೇಳುತ್ತಿದ್ದೆ. ನನಗೂ ಐದನೇ ವಯಸ್ಸಿನಲ್ಲಿ ಅಮ್ಮ ಆಗಿತ್ತು. ಅವ್ವ ಇದೇ ಗಡಿಕಲ್ಲಿನವರೆಗೆ ಮಡಕೆ ಹೊತ್ತು, ತಿರುಗಿ ನೋಡದೆ ಬಂದಿದ್ದಳಂತೆ.